ರೈಫಲ್ಲಿನ ದೋಷವೋ, ತೋಟಾದ ದೋಷವೋ: .303 ಲೀ-ಎನ್‌ಫೀಲ್ಡ್ ಗುರಿಯ ಚರಿತ್ರೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನಾ ಉಗ್ರಾಣಗಳಲ್ಲಿ ಉಳಿದಿದ್ದ ಲೀ-ಎನ್‌ಫೀಲ್ಡ್ ಬೋಲ್ಟ್ ರೈಫಲ್‌ಗಳು ಅಗ್ಗದ ಬೆಲೆಗೆ ಅಮೆರಿಕ, ಕೆನಡಾಗಳ ಬೇಟೆಗಾರರ ಕೈಸೇರಿದವು. 1968ರ ಕಾಯಿದೆ ಅಂಥ ಆಮದನ್ನು ತಡೆಯುವವರೆಗೂ ಅಮೆರಿಕದಲ್ಲಿ ಈ ವ್ಯಾಪಾರ ಭರದಿಂದ ಸಾಗಿತ್ತು. ಜೊತೆಗೆ ಒಂದು ಅಪಖ್ಯಾತಿಯೂ ಅಂಟಿಕೊಂಡಿತು: ರೈಫಲ್ ಗಟ್ಟಿಮುಟ್ಟು, ಗುರಿ ಮಾತ್ರ ಸಾಲದು. ಈ ತೀರ್ಪಿನಲ್ಲಿ ರೈಫಲ್ಲಿಗೆ ಅನ್ಯಾಯವಾಗಿದೆ. ಸವೆದ ನಳಿಗೆಗೆ ಒಗ್ಗದ ತೋಟಾ ತುಂಬಿ ಹಾರಿಸಿದ್ದರ ಫಲವನ್ನು ಬಹಳಷ್ಟು ಸಲ ಅದರ ತಲೆಗೆ ಕಟ್ಟಲಾಗಿದೆ.

ಬ್ರಿಟಿಷ್ ಸೇನೆ ಕೇಳಿದ್ದೆಷ್ಟು ಎಂಬುದನ್ನು ಮೊದಲು ನೋಡಬೇಕು. ಕಾರ್ಖಾನೆಯ ಪರೀಕ್ಷೆಯಲ್ಲಿ 100 ಅಡಿ ದೂರದಿಂದ ಹಾರಿಸಿದ ಐದು ಗುಂಡುಗಳಲ್ಲಿ ನಾಲ್ಕು, 1 ಅಂಗುಲ ಅಗಲ, 1.5 ಅಂಗುಲ ಎತ್ತರದ ಚೌಕಟ್ಟಿನೊಳಗೆ ಬಿದ್ದರೆ ರೈಫಲ್ ಪಾಸು. 100 ಗಜಕ್ಕೆ ಲೆಕ್ಕ ಹಾಕಿದರೆ ಇದು ಸುಮಾರು 3 ಅಂಗುಲ ಅಗಲ, 4.5 ಅಂಗುಲ ಎತ್ತರ. ಕಾಲಾಳಿಗೆ ಅಷ್ಟು ಧಾರಾಳವಾಗಿ ಸಾಕಿತ್ತು. ಸ್ಪರ್ಧೆಯ ರೈಫಲ್ಲಿನ ಅಳತೆಗೋಲನ್ನು ಇದಕ್ಕೆ ಹಿಡಿಯುವುದು ಸರಿಯಲ್ಲ.

ಇನ್ನು ಮದ್ದಿನ ವಿಷಯ. 1888ರಲ್ಲಿ .303 ಅಂಗುಲ ಅಳತೆಯ ತೋಟಾ ಸೇನೆಗೆ ಬಂದಾಗ ಅದರೊಳಗಿದ್ದದ್ದು ಕರಿಮದ್ದು. ಕೆಲವೇ ವರ್ಷಗಳಲ್ಲಿ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಬಂತು. ಮೊದಲ ಕಾರ್ಡೈಟ್‌ನಲ್ಲಿ ನೈಟ್ರೋಗ್ಲಿಸರಿನ್ ಶೇಕಡಾ 58ರಷ್ಟಿತ್ತು. ಅದರ ಉರಿಗೆ ಲೀ-ಎನ್‌ಫೀಲ್ಡ್‌ಗಿಂತ ಮುಂಚಿನ ಲೀ-ಮೆಟ್‌ಫೋರ್ಡ್ ರೈಫಲ್ಲಿನ ನಳಿಗೆಯ ಆಳವಿಲ್ಲದ ಗಾಡಿಗಳು, ಅಂದರೆ ಗುಂಡನ್ನು ತಿರುಗಿಸುವ ಸುರುಳಿ ತೋಡುಗಳು, ಬೇಗನೆ ಸವೆದುಹೋದವು. ಅದಕ್ಕೆಂದೇ 1895ರಲ್ಲಿ ಎನ್‌ಫೀಲ್ಡ್ ಮಾದರಿಯ ಐದು ಆಳವಾದ ಗಾಡಿಗಳನ್ನು ಕೊರೆಯಲಾಯಿತು. ಆದರೂ ಕಾರ್ಡೈಟ್ ನಳಿಗೆಯ ಬುಡವನ್ನು ತಿನ್ನುವುದು ನಿಲ್ಲಲಿಲ್ಲ.

1910ರ ಮಾರ್ಕ್ 7 ಗುಂಡಿನ ತೂಕ 174 ಗ್ರೇನ್, ವೇಗ ಸೆಕೆಂಡಿಗೆ ಸುಮಾರು 2440 ಅಡಿ. ಇದರ ತಳ ಚಪ್ಪಟೆ. ಹಿಂದಿನಿಂದ ಅನಿಲ ಒತ್ತಿದಾಗ ತಳ ತುಸು ಹಿಗ್ಗಿ, ಸವೆದ ಗಾಡಿಗಳನ್ನೂ ತುಂಬಿಕೊಳ್ಳುತ್ತದೆ. ಮುಂದೆ ವಿಕರ್ಸ್ ಮಷೀನ್‌ಗನ್ನಿಗಾಗಿ ಬಂದ ಮಾರ್ಕ್ 8 ಗುಂಡಿನ ತಳ ದೋಣಿಯ ಹಿಂಬದಿಯಂತೆ ಕಿರಿದಾಗುತ್ತಾ ಹೋಗುತ್ತದೆ. ಅದು ಹಾಗೆ ಹಿಗ್ಗದು, ಕಾರ್ಡೈಟ್‌ನಿಂದ ಸವೆದ ನಳಿಗೆಯಲ್ಲಿ ಸಡಿಲವಾಗಿ ಓಡುತ್ತದೆ. ಎರಡರ ಅಳತೆಯೂ .303 ಎಂದು ನಂಬಿ ಹಳೆಯ ರೈಫಲ್ಲಿನಲ್ಲಿ ಮಾರ್ಕ್ 8 ಹಾರಿಸಿದವರಿಗೆ ಗುಂಡುಗಳು ಚದುರಿ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಹಳೆಯ ಕೇಪು ಇನ್ನೊಂದು ಶತ್ರು. ಅದರಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಉಳಿಸುವ ಲವಣ ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆ ಬಟ್ಟೆಗೆ ಅದು ಜಗ್ಗುವುದಿಲ್ಲ, ನೀರಿಗೆ ಕರಗುತ್ತದೆ. ಸಿಪಾಯಿಗಳು ನಳಿಗೆಯೊಳಗೆ ಕುದಿನೀರು ಸುರಿಯುತ್ತಿದ್ದದ್ದು ಈ ಕಾರಣಕ್ಕೆ. ತೊಳೆಯುವುದರಲ್ಲೂ ಅಪಾಯವಿತ್ತು: ಬಟ್ಟೆ ಕಟ್ಟಿದ ಹಗ್ಗವನ್ನು ಓರೆಯಾಗಿ ಎಳೆದೆಳೆದು ಮೂತಿಯ ಒಂದು ಮಗ್ಗುಲು ಸವೆದ ರೈಫಲ್‌ಗಳಿವೆ. ಗುಂಡು ಕೊನೆಯದಾಗಿ ಮುಟ್ಟಿ ಹೊರಡುವ ಜಾಗವದು. ಅಲ್ಲಿ ಸವೆದರೆ ಬುಡದವರೆಗೆ ಹೊಳೆಯುವ ನಳಿಗೆಯೂ ಗುರಿ ತಪ್ಪಬಹುದು. ಇದಕ್ಕೆ ಪ್ರತಿಯಾಗಿ, ಯುದ್ಧದ ಅವಸರದಲ್ಲಿ ಎರಡೇ ಗಾಡಿ ಕೊರೆದ ನಂ. 4 ಮಾದರಿಯ ಲೀ-ಎನ್‌ಫೀಲ್ಡ್ ರೈಫಲ್‌ಗಳು ಐದು ಗಾಡಿಯವುಗಳಿಗೆ ಸಾಟಿಯಾಗಿಯೇ ಗುರಿ ಹೊಡೆದವು.

ಭಾರತದಲ್ಲಿ ಈ ರೈಫಲ್‌ಗಳು ಸಂತೆಗೆ ಬರಲಿಲ್ಲ. ಸೇನೆಯ ಅಳತೆಯಾದ್ದರಿಂದ .303 ನಾಗರಿಕರಿಗೆ ನಿಷಿದ್ಧ. ಇಲ್ಲಿನ ಬೇಟೆಗಾರರಿಗೆ ಸಿಕ್ಕಿದ್ದು .315. ಕೋವಿ ಪರವಾನಗಿಯಿಂದ ವಿನಾಯಿತಿಯಿರುವ ಕೊಡವರಿಗೂ .303ಕ್ಕೆ ಅವಕಾಶವಿಲ್ಲ. ಪಶ್ಚಿಮ ಬಂಗಾಳದ ಇಷಾಪುರ ಕಾರ್ಖಾನೆ 1960ರ ದಶಕದಲ್ಲಿ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ 7.62 ಮಿಮೀ ತೋಟಾಕ್ಕೆ ಹೊಂದಿಸಿ 2ಎ ರೈಫಲ್ ತಯಾರಿಸಿತು.

ಮತ್ತೆ ಗುರಿಯ ಮಾತಿಗೆ ಬಂದರೆ, ಲೀ-ಎನ್‌ಫೀಲ್ಡ್ ಮೇಲಿನ ಅತಿ ದೊಡ್ಡ ಆಕ್ಷೇಪ ಅದರ ಬೋಲ್ಟಿನದು. ಮೌಸರ್ ರೈಫಲ್ಲಿನಲ್ಲಿ ಬೋಲ್ಟಿನ ತಲೆಯಲ್ಲಿ ಬೀಗ, ಇಲ್ಲಿ ಹಿಂಭಾಗದಲ್ಲಿ. ಗುಂಡು ಹಾರುವಾಗ ಇಡೀ ಯಂತ್ರಭಾಗ ತುಸು ಬಾಗಿ ನಳಿಗೆ ಮೇಲೆ ಕೆಳಗೆ ಅದುರುತ್ತದೆ. ವೇಗದ ಗುಂಡು ಮೂತಿ ಇನ್ನೂ ಕೆಳಗಿರುವಾಗ ಹೊರಬೀಳುತ್ತದೆ. ನಿಧಾನದ್ದು ಬರುವಷ್ಟರಲ್ಲಿ ಮೂತಿ ಸ್ವಲ್ಪ ಮೇಲೆದ್ದಿರುತ್ತದೆ. ಹತ್ತಿರದ ಗುರಿಯಲ್ಲಿ ಇದು ಎತ್ತರದ ಚದುರುವಿಕೆಯಾಗಿ ಕಾಣುತ್ತದೆ. ದೂರ ಹೋದಂತೆ ನಿಧಾನದ ಗುಂಡು ಹೆಚ್ಚು ಇಳಿದು, ಮೇಲೆದ್ದದ್ದಕ್ಕೂ ಇಳಿದದ್ದಕ್ಕೂ ಲೆಕ್ಕ ಸರಿಹೋಗುತ್ತದೆ. ಒಂದೊಂದು ತೋಟಾದ ವೇಗ ಒಂದೊಂದು ಬಗೆಯಾಗಿದ್ದ ಸೇನಾ ಮದ್ದಿಗೆ ಇದು ದೊಡ್ಡ ಉಪಕಾರ. ಆದ್ದರಿಂದಲೇ ಇಂಗ್ಲೆಂಡಿನ ಬಿಸ್ಲಿ ಸ್ಪರ್ಧೆಗಳಲ್ಲಿ, ಹತ್ತಿರದ ಗುರಿಗೆ ಮೌಸರ್ ಬಗೆಯ ರೈಫಲ್ ಮೆಚ್ಚುತ್ತಿದ್ದವರೂ 900, 1000 ಗಜಕ್ಕೆ ನಂ. 4 ರೈಫಲ್ಲನ್ನೇ ಕೈಗೆತ್ತಿಕೊಳ್ಳುತ್ತಿದ್ದರು.