ಗಜನಿಯ ಕಟ್ಟೆಯೂ ಕಡಲಿನ ಮೇರೆಯೂ

ಪರಶುರಾಮನು ಸಮುದ್ರರಾಜನನ್ನು ಹಿಂದೆ ಸರಿಸಿ ನೆಲವನ್ನು ಪಡೆದನೆಂಬ ಕಥೆಯು ನಮ್ಮ ಕರಾವಳಿಯ ಬಾಲಕರಿಗೂ ತಿಳಿದುದೇ. ಇದನ್ನು ಚರಿತ್ರೆಯೆಂದು ವಾದಿಸಲು ನಾನು ಹೊರಟಿಲ್ಲ. ಆದರೆ ಕಡಲು ಸದಾ ಒಂದೇ ಮೇರೆಯಲ್ಲಿ ನಿಂತುದಲ್ಲವೆಂಬ ಮಾತನ್ನು ಭೂವಿಜ್ಞಾನಿಗಳೂ ಒಪ್ಪುವರು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಅದರ ಮಟ್ಟವು ಈಗಿನದಕ್ಕಿಂತ ಸುಮಾರು 120 ಮೀಟರು ಕೆಳಗಿದ್ದಿತು. ಹಿಮವು ಕರಗಿದಂತೆಲ್ಲ ಏರುತ್ತ ಬಂದು, ಕೆಲವು ಸಹಸ್ರ ವರ್ಷಗಳ ಹಿಂದೆ ಬಹುಮಟ್ಟಿಗೆ ನಿಂತಿತು. ಕಡಲಂಚಿನ ಒಕ್ಕಲುತನವೆಲ್ಲವೂ ಆ ನಿಲುಗಡೆಯನ್ನು ನಂಬಿ ಬೆಳೆದುದು.

ಕುಮಟಾ ತಾಲೂಕಿನ ಅಘನಾಶಿನಿಯ ಅಳಿವೆಯಲ್ಲಿರುವ ಗಜನಿ ಗದ್ದೆಗಳೇ ಇದಕ್ಕೆ ಸಾಕ್ಷಿ. ಉಪ್ಪುನೀರು ನುಗ್ಗುವ ತಗ್ಗಿನ ನೆಲಕ್ಕೆ ನಮ್ಮ ಹಿರಿಯರು ಮಣ್ಣಿನ ಕಟ್ಟೆಗಳನ್ನು ಹಾಕಿ, ನಡುವೆ ಮರದ ಹಲಗೆಯ ಬಾಗಿಲುಗಳನ್ನಿಟ್ಟರು. ಇಳಿತದಲ್ಲಿ ಗದ್ದೆಯ ನೀರು ಹೊರಹೋಗಬೇಕು, ಉಬ್ಬರದಲ್ಲಿ ಹೊಳೆಯ ನೀರು ಒಳಬರಬಾರದು. ಮುಂಗಾರಿನ ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆಯೊಡೆದ ಕಗ್ಗ ಭತ್ತವನ್ನು ಎರಚುವರು. ಆಳೆತ್ತರಕ್ಕೆ ಬೆಳೆಯುವ ಈ ತಳಿಯು ಉಪ್ಪನ್ನೂ ಕೆಲವು ದಿನಗಳ ಮುಳುಗಡೆಯನ್ನೂ ಸಹಿಸಬಲ್ಲುದು. ಕೊಯ್ಲಾದ ಬಳಿಕ ಬಾಗಿಲು ತೆರೆದು, ಅದೇ ಗದ್ದೆಯಲ್ಲಿ ಸಿಗಡಿ ಮೀನುಗಳನ್ನು ಬೆಳೆಸುವರು. ಒಬ್ಬನ ಕಡೆ ಕಟ್ಟೆಯೊಡೆದರೆ ನೆರೆಯವನ ಗದ್ದೆಗೂ ಉಪ್ಪೇ ಆದುದರಿಂದ ಕಟ್ಟೆಯ ಕೆಲಸವು ಎಲ್ಲರಿಗೂ ಸೇರಿದುದು.

ಸರಕಾರವು ಇದಕ್ಕೆ ಕೈಹಾಕಿದುದು ತಡವಾಗಿಯೇ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. 1948ರಲ್ಲಿ ಆ ಪ್ರಾಂತದವರು ಖಾರ್‌ಲ್ಯಾಂಡ್ ಕಾಯಿದೆಯನ್ನು ಮಾಡಿದರು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು.

ಈಗ ಆ ನಿಲುಗಡೆಯೇ ಸಡಿಲುತ್ತಿದೆ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟವು ಸರಾಸರಿ 20 ಸೆಂಟಿಮೀಟರು ಏರಿರುವುದು. 2006ರಿಂದೀಚೆಗೆ ಅದು ವರ್ಷಕ್ಕೆ 3.7 ಮಿಲಿಮೀಟರಿನಷ್ಟು ವೇಗವನ್ನು ಪಡೆಯಿತೆಂದು ಜಾಗತಿಕ ವಿಜ್ಞಾನಿಗಳ ಮಂಡಲಿಯ ಲೆಕ್ಕ. ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟುದರಿಂದ ಬಿಸಿಯಾದ ಸಾಗರವು ತಾನೇ ಹಿಗ್ಗುವುದೊಂದು ಕಾರಣ, ನೆಲದ ಮೇಲಣ ಹಿಮವು ಕರಗಿ ಬಂದು ಸೇರುವುದು ಇನ್ನೊಂದು. ತೇಲುವ ಹಿಮ ಕರಗಿದರೂ ನೀರು ಏರುವುದೆಂದು ನಾನು ತರಗತಿಯಲ್ಲಿ ಬಹುಕಾಲ ಹೇಳಿದೆನು. ಅದು ತಪ್ಪು, ಶಿಷ್ಯರು ಕ್ಷಮಿಸಬೇಕು.

ಮಿಲಿಮೀಟರಿಗೆ ಯಾರು ಹೆದರುವರೆಂದು ವಾಚಕರು ಕೇಳಬಹುದು. ಕಟ್ಟೆಯ ಎತ್ತರವನ್ನು ನಮ್ಮ ಹಿರಿಯರು ತಾವು ಕಂಡ ದೊಡ್ಡ ಉಬ್ಬರವನ್ನು ನೋಡಿ ಗೊತ್ತುಮಾಡಿದರು. ಆ ಉಬ್ಬರದ ಅಳತೆಯು ಈಗ ಅವರದಲ್ಲ. ಬಾಗಿಲಿನ ಕಷ್ಟವು ಇನ್ನೂ ಸೂಕ್ಷ್ಮವಾದುದು. ಹೊಳೆಯ ಮಟ್ಟವು ಗದ್ದೆಯ ಮಟ್ಟಕ್ಕಿಂತ ತಗ್ಗಿರುವ ಹೊತ್ತಿನಲ್ಲಿ ಮಾತ್ರ ಮಳೆನೀರು ಹೊರಹೋಗಬಲ್ಲುದು. ಹೊಳೆಯು ಏರಿದಷ್ಟೂ ಆ ಹೊತ್ತು ಕುಗ್ಗುವುದು. ಉಪ್ಪು ತೊಳೆಯದೆ ನೆಲದಲ್ಲಿಯೇ ಉಳಿಯುವುದು. ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರಕ್ಕೆ ಬಿರುಗಾಳಿಯೂ ಸೇರಿದರೆ ಕಟ್ಟೆಯೇ ನಿಲ್ಲದು, ಹಿಂದಿನ ಬಾವಿಗಳೂ ಉಪ್ಪಾಗುವುವು.

ಕೇಡೆಲ್ಲವೂ ಕಡಲಿನದೇ ಎಂದರೆ ಅನ್ಯಾಯವಾದೀತು. ಸಿಗಡಿಯ ಲಾಭಕ್ಕಾಗಿ ಬಿತ್ತನೆಯನ್ನು ಬಿಟ್ಟ ಗಜನಿಗಳು ಹಲವು. ಬಿತ್ತದವನಿಗೆ ಕಟ್ಟೆಯ ಚಿಂತೆಯು ಕಡಮೆ. ಮಾಣಿಕಟ್ಟದಂಥ ಊರಿನವರು ಇಂದಿಗೂ ಒಟ್ಟುಗೂಡಿ ಕಗ್ಗವನ್ನು ಬಿತ್ತುತ್ತಿರುವರು. ಕಟ್ಟೆಯ ಹೊರಮೈಯಲ್ಲಿ ಕಾಂಡ್ಲ ಗಿಡಗಳು ದಟ್ಟವಾಗಿ ಬೆಳೆದಿರುವಲ್ಲಿ ತೆರೆಯ ಪೆಟ್ಟು ತಗ್ಗಿ, ಮಣ್ಣು ಕೊಚ್ಚಿಹೋಗದೆ ನಿಂತಿರುವುದು.