ಕಲ್ಯಾಣದ ಅಂಟು, ಕೇರಿಯ ಚಿತ್ರ

ಬಸವಕಲ್ಯಾಣ ಅಂದ ಕೂಡಲೇ ಶರಣರ ನೆನಪು. ಅವರಿಗಿಂತ ಸ್ವಲ್ಪ ಮೊದಲು, 1130ರ ಆಸುಪಾಸಿನಲ್ಲಿ, ಇದೇ ಊರಿನ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಲ್ಲಿ 'ಮಾನಸೋಲ್ಲಾಸ' ಹುಟ್ಟಿತು. ನೂರು ಅಧ್ಯಾಯ, ಎಲ್ಲ ಸಂಸ್ಕೃತ. ಅದರಲ್ಲಿ ಔಷಧಿಯೂ ಇದೆ, ಚಿತ್ರಕಲೆಯೂ ಇದೆ. ಬಣ್ಣ ಗೋಡೆ ಹಿಡಿಯಬೇಕಾದರೆ ವಜ್ರಲೇಪ ಅನ್ನೋ ಅಂಟು ಬೇಕು. ಹಸಿ ಎಮ್ಮೆಯ ಚರ್ಮವನ್ನು ಬೆಣ್ಣೆಯ ಹಾಗೆ ಮೆತ್ತಗಾಗುವ ತನಕ ನೀರಲ್ಲಿ ಕುದಿಸಿ ಆ ಅಂಟು ಮಾಡಬೇಕು ಅನ್ನುತ್ತದೆ ಪುಸ್ತಕ. ಸರಿ. ಚರ್ಮ ಸುಲಿದವರು ಯಾರು? ಹಂಡೆಯ ನಾತ ಯಾವ ಕೇರಿಯ ಮೂಗಿಗೆ ಬಡಿಯಿತು? ಬಣ್ಣ ದೊರೆಯದು, ಅಂಟು ನಮ್ಮದು!

ಔಷಧಿ ಮತ್ತು ಚಿತ್ರ ಒಂದೇ ಹೊತ್ತಿಗೆಯಲ್ಲಿ ಕೂತಿದ್ದವು. ಅವೆರಡೂ ಕೂಡಿ ಕೇರಿಯ ಹೆಂಗಸಿನ ಮುಂದೆ ಬರಲು ಎಂಟುನೂರು ವರ್ಷ ಹಿಡಿಯಿತು.

ಈ ಸೀಮೆಗೆ ಚಿತ್ರದ ಅಗತ್ಯ ಬೇರೆ ಕಡೆಗಿಂತ ಹೆಚ್ಚೇ ಇತ್ತು. 1956ರ ನವೆಂಬರ್ 1ರ ತನಕ ಬಸವಕಲ್ಯಾಣ, ಹುಮನಾಬಾದ್ ಎರಡೂ ಹೈದರಾಬಾದಿಗೆ ಸೇರಿದ್ದವು. ನಿಜಾಮನ ಕಚೇರಿಯ ಭಾಷೆ ಉರ್ದು. ಜನರ ನಾಲಗೆಯ ಮೇಲೆ ಕನ್ನಡ, ಮರಾಠಿ, ತೆಲುಗು, ದಖನಿ. ಸೊಲ್ಲಾಪುರ–ಹೈದರಾಬಾದ್ ರಸ್ತೆಯ ಮೇಲಿನ ಹುಮನಾಬಾದಿನಲ್ಲಿ ಒಂದು ಹರದಾರಿಗೆ ಮಾತು ಬದಲಾಗುತ್ತದೆ. ಅಕ್ಷರವಂತೂ ಕೇರಿಯ ತನಕ ಬಂದೇ ಇರಲಿಲ್ಲ. ಇಂಥಲ್ಲಿ ಕನ್ನಡದ ಕರಪತ್ರ ಹಂಚಿ ಏನು ಮಾಡೋದು?

ಚಿತ್ರ ಕೆಲಸ ಮಾಡಿದ ಒಂದು ಉದಾಹರಣೆ ಸಿಡುಬಿನದು. 1970ರ ದಶಕದಲ್ಲಿ ಆರೋಗ್ಯದ ಸಿಬ್ಬಂದಿ ದೇಶದ ಹಳ್ಳಿ ಹಳ್ಳಿ ತಿರುಗಿ, ಮೈತುಂಬ ಗುಳ್ಳೆಯೆದ್ದ ಮಗುವಿನ ಬಣ್ಣದ ಕಾರ್ಡು ಹಿಡಿದು, 'ಇಂಥದ್ದನ್ನ ಎಲ್ಲಾದ್ರೂ ನೋಡಿದ್ದೀರಾ' ಅಂತ ಕೇಳಿದರು. ಜನ ಅದನ್ನು ಅಮ್ಮ ಅನ್ನಲಿ, ದೇವಿ ಅನ್ನಲಿ, ಗುರುತು ಹಿಡಿದರು. 1975ರ ಮೇ ತಿಂಗಳಿಗೆ ಸಿಡುಬಿನ ಕೊನೆಯ ಪ್ರಕರಣ ಮುಗಿಯಿತು. ಆ ಚಿತ್ರ ಉಪದೇಶ ಮಾಡಲಿಲ್ಲ, ಪ್ರಶ್ನೆ ಕೇಳಿತು. ನೋಡಿದವರ ಅರಿವಿಗೆ ಬೆಲೆ ಕೊಟ್ಟಿತು.

ಅದೇ ಕಾಲದ ಇನ್ನೊಂದು ಚಿತ್ರ ಕೆಂಪು ತ್ರಿಕೋನ. ಜತೆಗೆ ನಗುವ ಅಪ್ಪ, ಅವ್ವ, ಮಗ, ಮಗಳು. ಅದು ಏನನ್ನೂ ಕೇಳಲಿಲ್ಲ. ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷ, ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಎಳೆದೊಯ್ದವರಲ್ಲಿ ಬಡವರೇ ಹೆಚ್ಚು. ಆಮೇಲೆ ಆ ನಗುಮುಖಗಳನ್ನು ಕಂಡರೆ ಜನ ಬಾಗಿಲು ಹಾಕಿಕೊಂಡದ್ದರಲ್ಲಿ ಸೋಜಿಗವೇನು?

ಆರೋಗ್ಯ ಶಿಕ್ಷಣದವರು ಒಂದು ಹಳೇ ಕತೆ ಹೇಳಿ ನಗುತ್ತಾರೆ. ಕೋಳಿ ಗಾತ್ರದ ನೊಣದ ಚಿತ್ರ ತೋರಿಸಿದಾಗ ಹಳ್ಳಿಯವರು, 'ಇಷ್ಟು ದೊಡ್ಡ ನೊಣ ನಮ್ಮೂರಾಗ ಇಲ್ರೀ, ನಮಗ ಈ ರೋಗ ಬರಂಗಿಲ್ಲ' ಅಂದರಂತೆ. ನಗಬೇಕಾದ್ದು ಬರೆದವನನ್ನು ನೋಡಿ. ಆತ ನೊಣ ದೊಡ್ಡದು ಮಾಡಿದ, ಬಾವಿ ಬರೆಯಲಿಲ್ಲ. 'ಶುದ್ಧ ನೀರು ಕುಡಿಯಿರಿ' ಅಂತ ಗೋಡೆಯ ಮೇಲೆ ಬರೆಯುವುದು ಸುಲಭ. ಶುದ್ಧ ನೀರಿನ ಬಾವಿ ಯಾರ ಓಣಿಯಲ್ಲಿದೆ, ಅಲ್ಲಿ ಕೇರಿಯ ಕೊಡ ಇಳಿಯುತ್ತದೆಯೇ? ಕೇರಿಯ ಸೂಲಗಿತ್ತಿ ಮೇಲಿನೋಣಿಯ ಕೂಸಿನ ಹೊಕ್ಕಳಬಳ್ಳಿ ಕೊಯ್ಯಬಹುದು, ಅದೇ ಮನೆಯ ಅಡುಗೆಕೋಣೆ ಹೊಸ್ತಿಲು ದಾಟುವಂತಿಲ್ಲ. ಆ ಹೊಸ್ತಿಲನ್ನು ಯಾವ ಸರ್ಕಾರಿ ಪೋಸ್ಟರು ಬರೆದೀತು?

ಚಿತ್ರದ ಕೈ ಬದಲಾದದ್ದು ರಾಜಸ್ಥಾನದಲ್ಲಿ. 1984ರಲ್ಲಿ ಶುರುವಾದ ಅಲ್ಲಿನ ಮಹಿಳಾ ವಿಕಾಸ ಕಾರ್ಯಕ್ರಮದಲ್ಲಿ 75 ಹಳ್ಳಿ ಹೆಂಗಸರು ತಮ್ಮ ದೇಹದ ಬಗ್ಗೆ ತಾವೇ ಪುಸ್ತಕ ಮಾಡಿದರು: 'ಶರೀರ್ ಕೀ ಜಾನ್‌ಕಾರಿ'. ಮೊದಲು ಬೆತ್ತಲೆ ಮೈ ಬರೆದರೆ ಊರವರು, ಹೀಗೆ ಯಾವ ಹೆಂಗಸು ಇರ್ತಾಳೆ ಅಂದರು. ನ್ಯಾಯವೇ. ಆಗ ಲಂಗ ಉಟ್ಟ ಹೆಂಗಸನ್ನೇ ಬರೆದು, ಕಾಗದದ ಲಂಗ ಎತ್ತಿದರೆ ಒಳಗಿನ ಅಂಗ ಕಾಣುವ ಹಾಗೆ ಮಾಡಿದರು. ಯಾವ ಕಲಾಶಾಲೆಯೂ ಕಲಿಸದ ಜಾಣತನ ಇದು. 1989ರಲ್ಲಿ ದಿಲ್ಲಿಯ ಕಾಳಿ ಫಾರ್ ವಿಮೆನ್ ಅದನ್ನು ಅಚ್ಚು ಹಾಕಿತು.

ಅದೇ 1989ರಲ್ಲಿ, ಆ ಅನುಭವದಿಂದಲೂ ಕಲಿತ ಮಹಿಳಾ ಸಮಖ್ಯಾ ಕರ್ನಾಟಕಕ್ಕೆ ಬಂತು. ಮೊದಲ ಮೂರು ಜಿಲ್ಲೆಗಳಲ್ಲಿ ಬೀದರ್ ಒಂದು. ಸಂಘಗಳಲ್ಲಿ ದಲಿತ, ಕೂಲಿ ಹೆಂಗಸರೇ ಹೆಚ್ಚು. ಸುಮಾರು ಹತ್ತು ಹಳ್ಳಿಗೊಬ್ಬಳು ಸಹಯೋಗಿನಿ. ಚಿತ್ರ ತೋರಿಸಿ ಪಾಠ ಒಪ್ಪಿಸುವುದಲ್ಲ, ಚಿತ್ರದ ಸುತ್ತ ಕೂತು ಮುಟ್ಟಿನ ಬಗ್ಗೆ, ಹೆರಿಗೆಯ ಬಗ್ಗೆ, ಕೂಲಿಯ ಬಗ್ಗೆ ಬಾಯಿ ಬಿಡುವುದು. ಹಾಗೆ ಬಾಯಿ ಬಿಟ್ಟವರು ಸುಮ್ಮನಿರುತ್ತಾರೆಯೇ? 1993ರ ಪಂಚಾಯತಿ ಚುನಾವಣೆಯಲ್ಲಿ ಸಂಘದ ಹೆಂಗಸರೂ ನಿಂತರು. ಅಂಥ ಕಾರ್ಯಕ್ರಮವನ್ನು 2016ರ ಹೊತ್ತಿಗೆ ಕೇಂದ್ರ ಸರ್ಕಾರ ಕೈಬಿಟ್ಟಿತು.

ಈಗ ಚಿತ್ರದ ಪುಸ್ತಕ ಹಿಡಿದು ಮನೆಮನೆ ತಿರುಗುವವಳು ಆಶಾ ಕಾರ್ಯಕರ್ತೆ. ಹಾಳೆ ಮೇಲಿನಿಂದ ಬರುತ್ತದೆ, ತಿರುವಿ ಹಾಕೋದು ಅವಳ ಕೆಲಸ. ಆದರೆ 2020ರ ಜುಲೈ 10ರಿಂದ, ಕೊರೋನಾ ನಡುವೆ, ರಾಜ್ಯದ ಸುಮಾರು 42 ಸಾವಿರ ಆಶಾಗಳು ಕೆಲಸ ನಿಲ್ಲಿಸಿದರು. ತಿಂಗಳಿಗೆ 12,000 ರೂಪಾಯಿ ಕೊಡಿ, ಮಾಸ್ಕು ಕೊಡಿ ಅಂದರು. ಈ ಬೇಡಿಕೆಗೆ ಇಲಾಖೆಯ ಪುಸ್ತಕದಲ್ಲಿ ಚಿತ್ರ ಇರಲಿಲ್ಲ.