ನೆರಳಿನಲ್ಲೇ ಉಳಿದ ನಾಟಕ

ಮುಸ್ಲಿಮರಲ್ಲಿ ನಾಟಕವೇ ಇರಲಿಲ್ಲ ಎಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಕೆಲವರು ಇದನ್ನು ಕೊರತೆಯೆಂದರೆ, ನಮ್ಮೊಳಗಿನ ಕೆಲವರು ಹೆಮ್ಮೆಯೆನ್ನುತ್ತಾರೆ. ಇಬ್ಬರೂ ಹುಡುಕುವುದು ಗ್ರೀಕರ ಬಯಲು ರಂಗಮಂದಿರವನ್ನು. ಅದು ಕಾಣದಿದ್ದಾಗ ನಾಟಕವೇ ಇರಲಿಲ್ಲವೆಂದು ತೀರ್ಮಾನಿಸುತ್ತಾರೆ.

ನಾಟಕದ ಬಗ್ಗೆ ಅರಿಸ್ಟಾಟಲ್ ಬರೆದ ‘ಪೊಯೆಟಿಕ್ಸ್’ 10ನೆಯ ಶತಮಾನದಲ್ಲೇ ಅರಬಿಗೆ ಅನುವಾದವಾಗಿತ್ತು. ಆದರೆ ಗ್ರೀಕ್ ನಾಟಕಗಳು ಅನುವಾದವಾಗಿರಲಿಲ್ಲ. ಹೀಗಾಗಿ ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಕೊರ್ಡೊವಾದ ಇಬ್ನ್ ರುಶ್ದ್ (1126–1198) ದುರಂತ ನಾಟಕವನ್ನು ಸ್ತುತಿಕಾವ್ಯವೆಂದೂ ಪ್ರಹಸನವನ್ನು ನಿಂದಾಕಾವ್ಯವೆಂದೂ ಅರ್ಥೈಸಿದರು. ವಿಚಿತ್ರವೆಂದರೆ, ಅದೇ ಕೊರ್ಡೊವಾದ ಇಬ್ನ್ ಹಝ್ಮ್ (994–1064) ಅವರಿಗಿಂತ ಮೊದಲೇ ಈ ಲೋಕವನ್ನು ನೆರಳಾಟಕ್ಕೆ ಹೋಲಿಸಿದ್ದರು. ಆಟ ಜನರ ನಡುವೆ ಇತ್ತು. ಪಂಡಿತರ ಕಣ್ಣಿಗೆ ಅದು ನಾಟಕವಾಗಿ ಕಾಣಲಿಲ್ಲ.

ಅರಬಿಯಲ್ಲಿ ಈ ಆಟಕ್ಕೆ ‘ಖಯಾಲ್ ಅಲ್-ಝಿಲ್ಲ್’ ಎಂದು ಹೆಸರು. ನಮ್ಮ ತೊಗಲುಗೊಂಬೆಯಾಟದಂತೆಯೇ ಅಲ್ಲಿಯೂ ದೀಪ, ಪರದೆ, ಚರ್ಮದ ಗೊಂಬೆಗಳು. ಇದಕ್ಕೆ ಸಾಹಿತ್ಯದ ಘನತೆ ತಂದವರು 13ನೆಯ ಶತಮಾನದ ಇಬ್ನ್ ದಾನಿಯಾಲ್. ಮೋಸುಲ್‌ನಲ್ಲಿ ಹುಟ್ಟಿ, ಮಂಗೋಲರ ದಾಳಿಯ ಬಳಿಕ ಕೈರೋ ಸೇರಿದ ಇವರು ವೃತ್ತಿಯಿಂದ ಕಣ್ಣಿನ ವೈದ್ಯರು. ಇವರ ಮೂರು ನೆರಳು ನಾಟಕಗಳು ಇಂದಿಗೂ ಉಳಿದಿವೆ. ಸುಲ್ತಾನ್ ಬೈಬರ್ಸ್ ಮದ್ಯವನ್ನೂ ವೇಶ್ಯಾವೃತ್ತಿಯನ್ನೂ ನಿಷೇಧಿಸಿದ ಕಾಲವದು. ಮೊದಲ ನಾಟಕದಲ್ಲಿ, ನಿಷೇಧದಿಂದ ಇಬ್ಲೀಸನೇ ಸತ್ತನೆಂದು ಗೋಳಾಟ ನಡೆಯುತ್ತದೆ. ಕೊನೆಗೆ ಪೋಲಿ ನಾಯಕ ಪಶ್ಚಾತ್ತಾಪಪಟ್ಟು ಹಜ್‌ಗೆ ಹೊರಡುತ್ತಾನೆ. ‘ಅಜೀಬ್ ವ ಗರೀಬ್’ ಎಂಬ ಇನ್ನೊಂದರಲ್ಲಿ ಉಪದೇಶಕ, ಹಾವಾಡಿಗ, ಜ್ಯೋತಿಷಿ ಮೊದಲಾದ ಸಂತೆಯ ಜನ ಒಬ್ಬೊಬ್ಬರಾಗಿ ಪರದೆಗೆ ಬರುತ್ತಾರೆ. ಸುಲ್ತಾನರ ಚರಿತ್ರೆಯಲ್ಲಿ ಜಾಗ ಸಿಗದ ಬಡವರು ಇಲ್ಲಿ ಬಾಯ್ತುಂಬ ಮಾತನಾಡುತ್ತಾರೆ.

ಇನ್ನು ನಮ್ಮ ದೇಶದ ಮಾತು. 1850ರ ದಶಕದಲ್ಲಿ ಲಖನೌದ ಆಗಾ ಹಸನ್ ಅಮಾನತ್ ಉರ್ದುವಿನಲ್ಲಿ ‘ಇಂದರ್ ಸಭಾ’ ಬರೆದರು. ಅದರಲ್ಲಿ ಪುರಾಣದ ಇಂದ್ರನ ಆಸ್ಥಾನದಲ್ಲಿ ಪಾರಸಿ ಕಥೆಗಳ ಪರಿಗಳು ಕುಣಿಯುತ್ತಾರೆ. ಪಾರ್ಸಿ ನಾಟಕ ಕಂಪನಿಗಳು ಅದನ್ನು ಊರೂರಿಗೆ ಒಯ್ದವು. ಆ ಕಂಪನಿಗಳ ಹಾಡು, ಬಣ್ಣದ ಪರದೆ, ಬೆರಗಿನ ದೃಶ್ಯಗಳು ಕನ್ನಡದ ವೃತ್ತಿ ರಂಗಭೂಮಿಯ ಮೇಲೂ ಪ್ರಭಾವ ಬೀರಿದವು.

ಇಬ್ನ್ ದಾನಿಯಾಲರ ನಾಟಕಗಳಲ್ಲಿ ಅಶ್ಲೀಲವೂ ಧಾರಾಳವಾಗಿದೆ. ಎಲ್ಲವನ್ನೂ ನಾವು ಮೆಚ್ಚಬೇಕೆಂದಿಲ್ಲ. ಆದರೆ ‘ನಮ್ಮಲ್ಲಿ ಇರಲೇ ಇಲ್ಲ’ ಎಂದು ಮಕ್ಕಳಿಗೆ ಹೇಳಿಕೊಡುತ್ತಾ ಹೋದರೆ, ಬಣ್ಣ ಹಚ್ಚಲು ಬಯಸುವ ಹುಡುಗ-ಹುಡುಗಿಯರಿಗೆ ತಾವು ಪರರದನ್ನು ಮುಟ್ಟುತ್ತಿದ್ದೇವೆಂಬ ಅಳುಕು ಉಳಿದುಬಿಡುತ್ತದೆ. ಆ ಅಳುಕಿಗೆ ನಮ್ಮ ಚರಿತ್ರೆಯಲ್ಲಿ ಆಧಾರವಿಲ್ಲ.